ಅಕ್ಕನ ಕುರ್ಚಿಯ ಸ್ಪ್ರಿಂಗು

ಮೊದಲೇ ತಪ್ಪಾಯಿತು ಎಂದುಬಿಡುವುದು ಒಳ್ಳೆಯದು. ದೇವರು, ಧರ್ಮ ಇವುಗಳ ಹಂಗಿಲ್ಲದೆಯೂ ಮನುಷ್ಯನ ಒಳಗೆ ಒಂದು ಬೆಳಕು ಇರಬಹುದೇ ಎಂಬಂಥ ವಿಷಯವನ್ನು ಓದಿಕೊಂಡವರು ಹೇಳಬೇಕು. ಹಗಲೆಲ್ಲ ದುಡಿದು, ಸಂಜೆ ತರಗತಿಯ ಬೆಂಚಿನ ಮೇಲೆ ತೂಕಡಿಸುತ್ತ ನಾಲ್ಕಕ್ಷರ ಕಲಿತ ನನ್ನಂಥವರು ಅದಕ್ಕೆ ಬಾಯಿ ಹಾಕಬಾರದು. ಆದರೆ ಇದು ಒಂದು ಕುರ್ಚಿಯ ಕಥೆಯೂ ಹೌದು, ಕುರ್ಚಿಯ ಮೇಲೆ ಕೂರದವರು ಯಾರೂ ಇಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ. ಎಲ್ಲಾದರೂ ಅತಿಯಾಯಿತು ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವಳನ್ನು ಎಲ್ಲರೂ ಮೊಳೆಬಾಯಿ ಎಂದೇ ಕರೆಯುತ್ತಿದ್ದರು. ಸೋಫಾ, ಕುರ್ಚಿಗಳಿಗೆ ಕುಶನ್ ಕೂರಿಸುವುದು ಅವಳ ಕಸುಬು. ಆ ಕೆಲಸದಲ್ಲಿ ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ಇಟ್ಟುಕೊಳ್ಳಲು ಉಳಿಯುವುದು ಬಾಯಿ ಮಾತ್ರ. ಸಣ್ಣ ಮೊಳೆಗಳನ್ನು ಹಿಡಿ ತುಂಬ ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲಿ ಒಂದೊಂದನ್ನೇ ತಿರುಗಿಸಿ ತುಟಿಗೆ ತಂದರೆ, ಅಯಸ್ಕಾಂತದ ಸುತ್ತಿಗೆ ಅದನ್ನು ತುಟಿಯಿಂದಲೇ ಎತ್ತಿಕೊಳ್ಳುತ್ತದೆ. ಟಕ್ ಎಂದು ಒಂದೇಟು, ಮುಂದಿನ ಮೊಳೆ. ಅವಳ ಅಪ್ಪ ಕಲಿಸಿದ ವಿದ್ಯೆ ಇದು. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಮಾತಿಲ್ಲ. ಗಿರಾಕಿ ಬೈದರೂ ಇಲ್ಲ, ಹೊಗಳಿದರೂ ಇಲ್ಲ. ನಕ್ಕರಂತೂ ಮೊಳೆ ಸೀದಾ ಹೊಟ್ಟೆಗೆ.

ಒಂದು ಮೊಳೆ ಮಾತ್ರ ಅವಳ ಹೊಟ್ಟೆಗೆ ಇಳಿದೇ ಬಿಟ್ಟಿತ್ತು. ಕೂತರೂ ಚುಚ್ಚುತ್ತಿತ್ತು, ನಿಂತರೂ ಚುಚ್ಚುತ್ತಿತ್ತು. ಅದು ಅವಳ ಭಾವ. ಎದುರಿಗೆ ಸಿಕ್ಕಾಗ "ನೀವು", ಮನಸ್ಸಿನಲ್ಲಿ ಮಾತ್ರ "ಅವನು".

ಅವನು ಮೊದಲು ಅವಳ ಅಪ್ಪನ ಅಂಗಡಿಯಲ್ಲೇ ಕೆಲಸಕ್ಕಿದ್ದ. ಕುರ್ಚಿಯ ಸ್ಪ್ರಿಂಗ್ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಕ್ಕನನ್ನು ಮದುವೆಯಾದ, ಒಬ್ಬ ಮಗಳು ಹುಟ್ಟಿದಳು, ಅಪ್ಪ ತೀರಿಕೊಂಡರು. ಆಮೇಲೆ ಎಲ್ಲಿಂದಲೋ ಅವನಿಗೆ ಮೌನದ ಗೀಳು ಹಿಡಿಯಿತು. ದೇವರು ಬೇಡ, ಗ್ರಂಥ ಬೇಡ, ಗುರು ಬೇಡ; ಸುಮ್ಮನೆ ಕೂರಬೇಕು, ಒಳಗೆ ನೋಡಬೇಕು. ಗುರು ಬೇಡ ಎನ್ನುತ್ತ ಎನ್ನುತ್ತಲೇ ಅವನು ಗುರುವಾದ. ಜನ ಅವನನ್ನು ಮೌನದ ಮೇಷ್ಟ್ರು ಎಂದರು. ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಕೂರತೊಡಗಿದರು. "ನಾವು ಧಾರ್ಮಿಕರಲ್ಲ, ಆದ್ರೆ ಆಧ್ಯಾತ್ಮಿಕರು" ಎಂದು ಅವರು ಹೇಳಿಕೊಳ್ಳುವುದನ್ನು ಕೇಳಿದಾಗ ಮೊಳೆಬಾಯಿಗೆ, ಸಕ್ಕರೆ ಬಿಟ್ಟಿದ್ದೇವೆ ಆದರೆ ಸಿಹಿ ಬಿಟ್ಟಿಲ್ಲ ಎಂದ ಹಾಗೆ ಕೇಳಿಸುತ್ತಿತ್ತು. ಆಗ ಅದು ಬರೀ ತಮಾಷೆಯ ವಿಷಯ.

ಆಮೇಲೆ ಅಕ್ಕನ ಹೃದಯ ಕೈಕೊಟ್ಟಿತು. ಒಳಕೋಣೆಯ ದೊಡ್ಡ ಕುರ್ಚಿಯಲ್ಲಿ ದಿನವಿಡೀ ಕೂತಿರುತ್ತಿದ್ದಳು. ಆ ಕುರ್ಚಿಯಲ್ಲಿ ಒಂದು ಸ್ಪ್ರಿಂಗ್ ಸಡಿಲವಾಗಿತ್ತು. ಅಕ್ಕ ಕೈಯೂರಿ ಏಳಲು ಹೋದಾಗಲೆಲ್ಲ ಅದು ಮೊದಲು ಸಣ್ಣಗೆ, ಆಮೇಲೆ ಎಳೆದು, ಕೊನೆಗೆ ಏನೋ ಕೇಳಿದ ಹಾಗೆ ಮೇಲೇರಿ ನರಳುತ್ತಿತ್ತು.

"ಇದನ್ನ ಸರಿ ಮಾಡಿಕೊಡ್ತೀನಿ ಅಕ್ಕ, ಒಂದು ಗಂಟಿನ ಕೆಲಸ."

"ಬಿಡೇ," ಅಕ್ಕ ನಗುತ್ತಿದ್ದಳು. "ನನ್ನ ಪರವಾಗಿ ಅದಾದ್ರೂ ನರಳಲಿ. ನಿಮ್ಮ ಭಾವಂಗೆ ನನ್ನ ದನಿ ಕೇಳಿಸದಿದ್ರೂ ಸ್ಪ್ರಿಂಗಿನ ದನಿ ಕೇಳಿಸುತ್ತೆ. ಹಳೇ ಕಸುಬು ನೋಡು."

ಕೊನೆಗೆ ಒಂದು ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಮೌನ ನಡೆಯುತ್ತಿದ್ದಾಗ ಅಕ್ಕ ಕರೆದಳು. "ಸ್ವಲ್ಪ ಬನ್ನಿ ಇಲ್ಲಿ." ಚಾಪೆಯ ಮೇಲಿದ್ದವರಿಗೆಲ್ಲ ಕೇಳಿಸಿತು. ಕಣ್ಣು ಬಿಟ್ಟು ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಕಣ್ಣು ಬಿಡದೆ ಅಂಗೈ ಎತ್ತಿ, ಯಾರೂ ಏಳಬೇಡಿ ಎಂಬಂತೆ ತಡೆದ. ಅಕ್ಕ ಇನ್ನೊಮ್ಮೆ ಕರೆದಳು. ಸ್ಪ್ರಿಂಗ್ ನರಳಿತು. ಮೌನದ ಹೊತ್ತು ಮುಗಿದು ಅವನು ಒಳಗೆ ಹೋದಾಗ ಅಕ್ಕ ಇರಲಿಲ್ಲ. ಅವನು ಕರೆದ ಕೂಡಲೇ ಎದ್ದು ಹೋಗಿದ್ದರೂ ಅವಳ ಜೀವ ಉಳಿಯುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರು.

ಇಷ್ಟೇ ಆಗಿದ್ದರೆ ಮೊಳೆಬಾಯಿ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅವನು ಅದನ್ನು ಪಾಠ ಮಾಡಿಕೊಂಡ. ಹೋದಲ್ಲೆಲ್ಲ ಹೇಳಿದ: "ಕರೆ ಎಲ್ಲರಿಗೂ ಬರುತ್ತೆ. ನನ್ನ ಹೆಂಡತಿಯ ಕೊನೆಯ ಕರೆ ನನಗೆ ಬಂತು. ನಾನು ಅಲುಗಲಿಲ್ಲ. ಅದು ಕಲ್ಲುಮನಸ್ಸಲ್ಲ. ಮೌನ ಅಂದ್ರೆ ಏನು ಅಂತ ನನಗೆ ಅವತ್ತು ಗೊತ್ತಾಯ್ತು." ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಅಕ್ಕನ ಕೊನೆಯ ದನಿಯನ್ನು ಅವನು ಊರಿಗೆಲ್ಲ ಹಂಚಿಕೊಂಡು ತಿನ್ನುತ್ತಿದ್ದಾನೆ ಎಂದು ಮೊಳೆಬಾಯಿಗೆ ಅನ್ನಿಸಿತು. ಅವತ್ತಿನಿಂದ ಅವಳು ಕಾದಳು. ಏನಕ್ಕೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಒಂದು ದಿನ ಅಕ್ಕನ ಮಗಳು ಅಂಗಡಿಗೆ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಬಿಡುವಿನಲ್ಲಿ ಅಪ್ಪನ ತರಗತಿಗಳ ಉಸ್ತುವಾರಿಯೂ ಅವಳದೇ. ಮುಖ ಥೇಟ್ ಅಕ್ಕನದು. ಹಾಗಾಗಿ ಮೊಳೆಬಾಯಿ ಅವಳನ್ನು ಪೂರ್ತಿಯಾಗಿ ಪ್ರೀತಿಸಲೂ ಆರಳು, ಬಯ್ಯಲೂ ಆರಳು.

"ಚಿಕ್ಕಮ್ಮ, ಬಾಯಿಂದ ಮೊಳೆ ತೆಗಿ. ಒಂದು ಮಾತಿದೆ."

ಮೊಳೆಬಾಯಿ ಡಬ್ಬಿಗೆ ಮೊಳೆ ಉಗಿದಳು. "ಹೇಳು."

"ಹೊಸ ಹಾಲ್ ಸಿಕ್ಕಿದೆ. ಬಟ್ಟೆ ಗೋದಾಮಿನ ಮಹಡಿ. ಅಪ್ಪಂಗೆ ಸೊಂಟನೋವು, ನೆಲದ ಮೇಲೆ ಕೂರೋಕಾಗಲ್ಲ. ಒಂದು ಕುರ್ಚಿ ಮಾಡಿಕೊಡು."

"ಊರಲ್ಲಿ ಕುರ್ಚಿಗೆ ಬರವಾ?"

"ನಿನ್ನ ಕೈಯದೇ ಬೇಕಂತೆ. ಬೇರೆಯವರು ಕಟ್ಟಿದ್ರೆ ಬೆನ್ನಿಗೆ ಗೊತ್ತಾಗುತ್ತಂತೆ." ಹುಡುಗಿ ಮೊಳೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ಸಿಟ್ಟು ಬಿಡು ಚಿಕ್ಕಮ್ಮ. ಎಷ್ಟು ದಿನ ಅಂತ ಹೊತ್ಕೊಂಡು ತಿರುಗ್ತೀಯ?" ಎಂದಳು.

"ಹೊರೋಕೆ ನನಗೇನೂ ಭಾರ ಇಲ್ಲ ಕಣೇ," ಎಂದಳು ಮೊಳೆಬಾಯಿ. ಆ ಕ್ಷಣಕ್ಕೇ ಅವಳಿಗೆ ಹೊಳೆದದ್ದು. ಅಟ್ಟದ ಮೇಲೆ, ಹಳೆಯ ಬಟ್ಟೆಯ ಕೆಳಗೆ ಅಕ್ಕನ ಕುರ್ಚಿ ಇತ್ತು. ಅಕ್ಕ ಹೋದಮೇಲೆ ತಂದಿಟ್ಟದ್ದು, ಮಾರಲು ಮನಸ್ಸಾಗಿರಲಿಲ್ಲ. "ಮಾಡಿಕೊಡ್ತೀನಿ. ಅಳತೆಗೆ ಬರೋಕೆ ಹೇಳು. ಅಂದಹಾಗೆ, ಮೌನ ಮುಗೀತು ಅಂತ ಹೇಗೆ ಹೇಳ್ತಾರೆ?"

"ಎಡಗಡೆ ಸ್ಟೂಲ್ ಮೇಲೆ ಕಂಚಿನ ಬಟ್ಟಲು ಇಟ್ಟಿರ್ತೀವಿ. ಅಪ್ಪ ಬಗ್ಗಿ ಕೋಲಲ್ಲಿ ತಟ್ತಾರೆ. ಯಾಕೆ?"

"ಕುರ್ಚಿಯ ಕೈ ಅಡ್ಡ ಬರಬಾರದಲ್ಲ," ಎಂದಳು ಮೊಳೆಬಾಯಿ, ಅಷ್ಟು ಸರಾಗವಾಗಿ.

ಅವನು ಬಂದ. ಕೂದಲು ನೆರೆತಿತ್ತು, ದನಿ ಮಾತ್ರ ಎಣ್ಣೆ ಹಾಕಿದ ಕೀಲಿನ ಹಾಗಿತ್ತು. ಅಳತೆ ಪಟ್ಟಿ ಹಿಡಿದು ಅವಳು ಅವನ ತೊಡೆ, ಬೆನ್ನು, ಮೊಣಕೈ ಅಳೆದಳು.

"ಸೊಂಟ ಹಿಡ್ಕೊಂಡುಬಿಡುತ್ತೆ ಮೊಳೆಬಾಯಿ. ಎಷ್ಟೋ ಸಲ ಕೂತ್ರೆ ಏಳೋಕಾಗಲ್ಲ."

"ಒಳಗೇ ನೋಡ್ತಾ ಇದ್ರಿ, ಸೊಂಟ ಕಾಣಿಸ್ಲಿಲ್ವಾ?"

ಅವನು ನಕ್ಕ. "ನಿನ್ನ ನಾಲಿಗೆ ಹಾಗೇ ಇದೆ."

"ಮೊಳೆ ತಿರುಗಿಸಿ ತಿರುಗಿಸಿ ಮಸೆದಿದೆ ಭಾವ. ಒಂದು ಕೇಳ್ಲಾ? ಅಕ್ಕ ಅವತ್ತು ಯಾಕೆ ಕರೆದಳು?"

ಅವನು ಗೋಡೆಗೆ ಒರಗಿಸಿದ್ದ ಸುತ್ತಿಗೆಗಳನ್ನು ನೋಡಿದ. "ಗೊತ್ತಿಲ್ಲ."

"ನೀರು ಬೇಕಿತ್ತೋ, ಹೆದರಿಕೆ ಆಯ್ತೋ, ಏನಾದ್ರೂ ಹೇಳೋದಿತ್ತೋ."

"ಗೊತ್ತಿಲ್ಲ ಅಂದ್ನಲ್ಲ. ನಾನು ಎದ್ದಿದ್ರೂ ಅವಳು ಉಳೀತಿರ್ಲಿಲ್ಲ."

"ಉಳಿಯೋ ಮಾತು ನಾನು ಎತ್ತಲೇ ಇಲ್ಲ. ಎದ್ದಿದ್ರೆ ಯಾಕೆ ಕರೆದಳು ಅಂತ ಗೊತ್ತಾಗ್ತಿತ್ತು, ಅಷ್ಟೇ."

ಅವನು ಅಂಗಿಯ ತೋಳು ಸರಿಮಾಡಿಕೊಂಡ. ಆಮೇಲೆ ಮೇಷ್ಟ್ರ ದನಿ ತಂದುಕೊಂಡು ಹೇಳಿದ: "ದೇವರ ಮೇಲೆ ನಿನಗೂ ನಂಬಿಕೆ ಇಲ್ಲ, ನನಗೂ ಇಲ್ಲ. ನನಗೆ ಮೌನ ಇದೆ. ನಿನಗೆ ಏನಿದೆ, ಹೇಳು ನೋಡೋಣ."

"ನನಗೆ ಅಷ್ಟು ದೊಡ್ಡದೇನೂ ಇಲ್ಲ. ಯಾರಾದ್ರೂ ಕರೆದ್ರೆ ಎದ್ದು ಹೋಗ್ತೀನಿ. ಬಾಯಲ್ಲಿ ಮೊಳೆ ಇದ್ರೆ ಉಗಿದು ಹೋಗ್ತೀನಿ. ನನ್ನ ಅಧ್ಯಾತ್ಮ ಅಷ್ಟೇ. ಕೈ ಎತ್ತಿ, ಕಂಕುಳ ಹತ್ತಿರ ಅಳತೆ ಬಾಕಿ ಇದೆ."

ಅವನು ಹೋದಮೇಲೆ ಅವಳು ಅಟ್ಟ ಹತ್ತಿದಳು. ಅಕ್ಕನ ಕುರ್ಚಿಯನ್ನು ಇಳಿಸಿ, ತಲೆಕೆಳಗು ಮಾಡಿ, ಹೊಟ್ಟೆಯ ಬಟ್ಟೆ ಸೀಳಿ, ಆ ಒಂದು ಸ್ಪ್ರಿಂಗನ್ನು ಬಿಚ್ಚಿ ತೆಗೆದಳು. ಕೈಯಲ್ಲಿ ಹಿಡಿದಾಗ ಅದೇನು ಮಹಾ, ಬರೀ ಸುರುಳಿ ಕಬ್ಬಿಣ. ಆದರೂ ಅದರ ಧೂಳನ್ನು ಸೆರಗಿನಿಂದಲೇ ಒರೆಸಿದಳು.

ಕುರ್ಚಿಯ ಕೂರುವ ಜಾಗದ ಒಳಗೆ ಸ್ಪ್ರಿಂಗುಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರ ತಲೆಯನ್ನೂ ಹುರಿಯಿಂದ ಪಕ್ಕದ್ದಕ್ಕೆ, ಚೌಕಟ್ಟಿಗೆ ಬಿಗಿದು ಕಟ್ಟಬೇಕು. ಎಲ್ಲ ಗಂಟೂ ಬಿಗಿಯಾಗಿದ್ದರೆ ಆನೆ ಕೂತರೂ ಸದ್ದಿಲ್ಲ. ಒಂದು ಗಂಟು ತಪ್ಪಿದರೆ ಆ ಸ್ಪ್ರಿಂಗು ವಾಲಿ, ಪಕ್ಕದ್ದಕ್ಕೆ ಮೈ ಉಜ್ಜಿ, ದೂರು ಹೇಳಲು ಶುರು ಮಾಡುತ್ತದೆ. ಮೊಳೆಬಾಯಿ ಹೊಸ ಕುರ್ಚಿಯಲ್ಲಿ ಅಕ್ಕನ ಸ್ಪ್ರಿಂಗನ್ನು ಎಡಕ್ಕೆ, ಬಟ್ಟಲಿನ ಕಡೆಗೆ ಇಟ್ಟಳು. ಅದರ ಒಂದು ಗಂಟನ್ನು ಮಾತ್ರ ತಪ್ಪು ಕಟ್ಟಬೇಕು.

ಬೇಕೆಂದೇ ತಪ್ಪು ಕಟ್ಟುವುದು ಇಷ್ಟು ಕಷ್ಟ ಎಂದು ಅವಳು ತಿಳಿದಿರಲಿಲ್ಲ. ಕೈ ತಾನಾಗಿಯೇ ಸರಿಯಾದ ಗಂಟು ಹಾಕಿಬಿಡುತ್ತಿತ್ತು. ಬಿಚ್ಚಿದಳು. ಮತ್ತೆ ಹಾಕಿತು. "ಥೂ, ನಿನ್ನ," ಎಂದು ಕೈಗೇ ಬೈದಳು. ಮೌನದ ಮೇಷ್ಟ್ರು ಹೇಳುವ ಒಳಗಿನದೇನೋ ಅವಳಿಗಿದ್ದರೆ ಅದು ಆ ಬೆರಳುಗಳಲ್ಲಿತ್ತು; ಅವಳ ಮಾತು ಕೇಳದೆ, ಅವಳಿಗಿಂತ ಹಳೆಯದಾಗಿ, ಹಟ ಹಿಡಿದು ಕೂತಿತ್ತು. ಕೊನೆಗೆ ಹಲ್ಲು ಕಚ್ಚಿ, ಎಡಗೈಯಲ್ಲಿ ಆ ಗಂಟನ್ನು ಸಡಿಲ ಕಟ್ಟಿದಳು. ನಾರು ತುಂಬಿ, ಬಟ್ಟೆ ಎಳೆದು, ಬಾಯಿ ತುಂಬ ಮೊಳೆ ಹಾಕಿಕೊಂಡು ಮುಚ್ಚಿದಳು. ಕೂತು ನೋಡಿದಳು. ನೆಟ್ಟಗೆ ಕೂತರೆ ಏನೂ ಇಲ್ಲ. ಎಡಕ್ಕೆ ಬಗ್ಗಿದಳು. ಮೊದಲು ಸಣ್ಣಗೆ, ಆಮೇಲೆ ಎಳೆದು, ಕೊನೆಗೆ ಕೇಳಿದ ಹಾಗೆ. ಅಕ್ಕ ಕರೆದಳು.

ಮೊಳೆಬಾಯಿಗೆ ಎಷ್ಟು ಖುಷಿಯಾಯಿತೆಂದರೆ ಬಾಯಲ್ಲಿ ಮೊಳೆ ಉಳಿದಿಲ್ಲವೆಂದು ನೋಡಿಕೊಂಡು ನಕ್ಕಳು. ಎಲ್ಲರೂ ಮೌನದ ತಳ ಮುಟ್ಟಿ ಕೂತಿರುವಾಗ ಅವನು ಬಟ್ಟಲಿಗೆ ಬಗ್ಗುತ್ತಾನೆ. ಅಕ್ಕ ಇಡೀ ಹಾಲಿಗೆ ಕೇಳುವಂತೆ ಕರೆಯುತ್ತಾಳೆ. ಆಗ ನೋಡೋಣ ಅಲುಗುತ್ತಾನೋ ಇಲ್ಲವೋ.

ಹೊಸ ಹಾಲಿನ ಮೊದಲ ದಿನ ಬೆಳಿಗ್ಗೆ ಮೊಳೆಬಾಯಿ ಹೋಗಿ ಮುಂದಿನ ಸಾಲಿನಲ್ಲೇ ಕೂತಳು. ನೆಲಕ್ಕೆ ಇನ್ನೂ ಹೊಸ ಬಟ್ಟೆಯ ಗಂಜಿ ವಾಸನೆ ಇತ್ತು. ಕೆಳಗೆ ಬೀದಿಯಲ್ಲಿ ಗಾಡಿಗಳ ಹಾರ್ನ್. ಪಕ್ಕದಲ್ಲಿ ಕೂತಿದ್ದ ನಿವೃತ್ತ ಪೋಸ್ಟ್‌ಮನ್ ಪಿಸುಗುಟ್ಟಿದ: "ಹೊಸಬರಾ ಅಮ್ಮ? ಮೊದಲ ಸಲ ಮೂಗು ಕೆರೆಯುತ್ತೆ. ಕೆರ್ಕೋಬೇಡಿ. ಒಂದ್ಸಲ ಕೆರೆದ್ರೋ, ಮೈಯೆಲ್ಲ ಶುರುವಾಗುತ್ತೆ."

"ನನಗೆ ಮೂಗು ಕೆರೆಯಲ್ಲ," ಎಂದಳು. "ಅಂಗೈ ಕೆರೀತಿದೆ."

ಮೇಷ್ಟ್ರು ನಿಂತುಕೊಂಡೇ ಮಾತಾಡಿದ. ಅಕ್ಕನ ಕಥೆ ಅವತ್ತೂ ಬಂತು. "ನನ್ನ ಹೆಂಡತಿಯ ಕೊನೆಯ ಕರೆ..." ಹಿಂದೆ ಯಾರೋ ಮೂಗೆಳೆದುಕೊಂಡರು. ಮೊಳೆಬಾಯಿ ಅವನ ಬಾಯನ್ನೇ ನೋಡುತ್ತ ಕೂತಳು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿದರು. ಅವಳು ಮುಚ್ಚಲಿಲ್ಲ. ಅವನು ಕುರ್ಚಿಯ ಕೈ ಹಿಡಿದು, ಸೊಂಟಕ್ಕೆ ಹೆದರುತ್ತ, ಸ್ವಲ್ಪ ಎಡಕ್ಕೇ ವಾಲಿಕೊಂಡು ಕೂತ.

ಕುರ್ಚಿ ಸಣ್ಣಗೆ ಒಂದು ದನಿ ತೆಗೆಯಿತು. ಅರ್ಧಕ್ಕೆ ನಿಂತಿತು.

ಬೇರೆ ಯಾರಿಗೂ ಅದು ಏನೂ ಅಲ್ಲ. ಹೊಸ ಕುರ್ಚಿ, ಕೂತಾಗ ಸದ್ದು ಮಾಡುತ್ತದೆ. ಅವನ ಮುಖದಿಂದ ಮಾತ್ರ ರಕ್ತ ಇಳಿದುಹೋದದ್ದನ್ನು ಮೊಳೆಬಾಯಿ ಕಣ್ಣಾರೆ ಕಂಡಳು. ಅವನು ಕೂಡಲೇ ಅವಳ ಕಡೆ ನೋಡಿದ. ಆಗ ಅವಳಿಗೆ ತನ್ನ ತಪ್ಪು ಗೊತ್ತಾಯಿತು. ಅವನೂ ಸ್ಪ್ರಿಂಗ್ ಕಟ್ಟಿದವನೇ ಅಲ್ಲವೇ? ಯಾವ ಗಂಟು ಸಡಿಲ, ಎತ್ತ ಬಗ್ಗಿದರೆ ಏನಾಗುತ್ತದೆ, ಅದು ಯಾರ ದನಿ ಎಲ್ಲವೂ ಕೂತ ಕೂಡಲೇ ಅವನ ಮೈಗೆ ತಿಳಿದುಹೋಗಿತ್ತು. ಅದನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆದರೆ ತಪ್ಪೇ ಲಾಭವಾಯಿತು. ಅಲುಗಿದರೆ ಅಕ್ಕನ ದನಿ ಏಳುತ್ತದೆ, ಹಾಗಾಗಿ ಅವನು ಅಲುಗುವ ಹಾಗಿರಲಿಲ್ಲ. ಮೊದಲು ಕುರ್ಚಿಯ ಕೈ ಹಿಡಿದಿದ್ದ ಬೆರಳ ಗೆಣ್ಣು ಬೆಳ್ಳಗಾಯಿತು. ಆಮೇಲೆ ಕಪಾಳದ ಮೇಲೆ ಬೆವರಿಳಿಯಿತು, ಒರೆಸಿಕೊಳ್ಳಲಿಲ್ಲ. ಜನ ಕಣ್ಣು ಬಿಟ್ಟಿದ್ದರೆ ಎಂಥ ಆಳದ ಮೌನ ಎನ್ನುತ್ತಿದ್ದರು. ಕೂತಿರು, ಎಂದು ಅವಳು ಮನಸ್ಸಿನಲ್ಲೇ ಹೇಳಿದಳು. ಹಾಗೇ ಕೂತಿರು. ಕರೆ ಬಂದಿದೆ, ಅಲುಗಬೇಡ. ಅಷ್ಟು ದಿನದಿಂದ ಚುಚ್ಚುತ್ತಿದ್ದ ಮೊಳೆ ಹೊಟ್ಟೆಯಲ್ಲಿ ಕರಗುತ್ತಿರುವ ಹಾಗೆ, ಬಿಸಿ ಬಿಸಿಯಾಗಿ ಸುಖವಾಯಿತು.

ಮೌನದ ಹೊತ್ತು ಮುಗಿಯಿತು. ಬಟ್ಟಲು ಸದ್ದು ಮಾಡಲಿಲ್ಲ. ಯಾರೋ ಕೆಮ್ಮಿದರು. ಯಾರದೋ ಹೊಟ್ಟೆ ಗುರುಗುಟ್ಟಿತು. ಕಾಲು ಜೋಮು ಹಿಡಿದವರು ಕದ್ದು ಕದ್ದು ಮಂಡಿ ಚಾಚಿದರು. ಪೋಸ್ಟ್‌ಮನ್ ಒಂದು ಕಣ್ಣು ಬಿಟ್ಟು, "ಇವತ್ತೇನು ಊಟಕ್ಕೂ ಬಿಡಲ್ವಾ?" ಎಂದು ಉಸಿರಲ್ಲೇ ಕೇಳಿದ. ಒಬ್ಬೊಬ್ಬರೇ ಕಣ್ಣು ತೆರೆದರು.

ಆಗ ಅವನು ಮಾತಾಡಿದ. ಮೇಷ್ಟ್ರ ದನಿಯಲ್ಲ, ಅಪ್ಪನ ಅಂಗಡಿಯಲ್ಲಿ ಹುರಿಯ ಇನ್ನೊಂದು ತುದಿ ಹಿಡಿದುಕೊಳ್ಳಲು ಕರೆಯುತ್ತಿದ್ದ ಹಳೆಯ ದನಿ.

"ಮೊಳೆಬಾಯಿ. ಸ್ವಲ್ಪ ಬಾ ಇಲ್ಲಿ."

ಅವಳ ಮಂಡಿ ನೆಲ ಬಿಟ್ಟು ಎದ್ದಿತು. ಅವಳು ಎಬ್ಬಿಸಲಿಲ್ಲ, ಸರಿಯಾದ ಗಂಟು ಹಾಕುತ್ತಿದ್ದ ಕೈಯ ಹಾಗೆ ಅದು ತಾನಾಗಿಯೇ ಎದ್ದಿತು. ಜನ್ಮದಲ್ಲಿ ಅವಳು ಯಾರು ಕರೆದರೂ ಕೂತೇ ಇದ್ದವಳಲ್ಲ. ಅರ್ಧ ಎದ್ದ ಮೈಯನ್ನು ಅವಳು ಎರಡೂ ಕೈಯಿಂದ ಹಿಡಿದು ನೆಲಕ್ಕೆ ಒತ್ತಿದಳು. ಕೈ ಹಾಕಿದ ಸರಿ ಗಂಟನ್ನು ಅವತ್ತು ಬಿಚ್ಚಿದ ಹಾಗೆಯೇ ಇದನ್ನೂ ಬಿಚ್ಚಿದಳು. ಆಮೇಲೆ, ಅವನು ನೋಡುತ್ತಿರುವಾಗಲೇ, ಕಣ್ಣು ಮುಚ್ಚಿಕೊಂಡಳು.

"ಮೊಳೆಬಾಯಿ," ಅವನು ಇನ್ನೊಮ್ಮೆ ಕರೆದ.

ಪಕ್ಕದಿಂದ ಪೋಸ್ಟ್‌ಮನ್ ಅವಳ ಮೊಣಕೈ ತಿವಿದ. "ನಿಮ್ಮನ್ನೇ ಅಮ್ಮ."

ಅವಳು ಅಂಗೈ ಎತ್ತಿ ತಡೆದಳು.

ಮುಂದಿನದನ್ನು ಅವಳು ಕಿವಿಯಿಂದಷ್ಟೇ ಬಲ್ಲಳು. ಅಕ್ಕನ ಮಗಳ ಹೆಜ್ಜೆ ಓಡಿದ್ದು. "ಅಪ್ಪಾ, ಏನಾಯ್ತು? ಸೊಂಟನಾ?" ಎಂದದ್ದು. ಆಮೇಲೆ ಹುಡುಗಿ ಅವನನ್ನು ತೋಳು ಹಿಡಿದು ಎಬ್ಬಿಸಿರಬೇಕು. ಸ್ಪ್ರಿಂಗು ಮೊದಲು ಸಣ್ಣಗೆ, ಆಮೇಲೆ ಎಳೆದು, ಕೊನೆಗೆ ಕೇಳಿದ ಹಾಗೆ ಮೇಲೇರಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೆಜ್ಜೆಗಳು ನಿಧಾನವಾಗಿ ಪಕ್ಕದ ಬಾಗಿಲಿನಿಂದ ಹೊರಗೆ ಹೋದವು. ಅವನು ಹೋಗುವಾಗ ಮೊಳೆಬಾಯಿಯನ್ನು ತಿರುಗಿ ನೋಡಿದನೋ ಇಲ್ಲವೋ.

ಜನ ಚದುರಿದ ಮೇಲೆ ಅಕ್ಕನ ಮಗಳು ವಾಪಸು ಬಂದು ಎದುರಿಗೆ ನಿಂತಳು. "ಅಪ್ಪ ಕರೆದದ್ದು ನಿನಗೆ ಕೇಳಿಸ್ಲಿಲ್ವಾ ಚಿಕ್ಕಮ್ಮ?"

"ಕೇಳಿಸ್ತು."

"ಮತ್ತೆ?"

"ಮೌನದಲ್ಲಿದ್ದೆ," ಎಂದಳು ಮೊಳೆಬಾಯಿ.

ಈ ಮಾತಿಗಾಗಿಯೇ ತಾನು ಇಷ್ಟು ದಿನ ಬದುಕಿದ್ದೆ ಎಂದು ಅವಳಿಗೆ ಅನ್ನಿಸಿತು. ಅದು ನಾಲಿಗೆಯಿಂದ ತುಟಿಗೆ, ತುಟಿಯಿಂದ ಸುತ್ತಿಗೆಗೆ ಮೊಳೆ ಹೋಗುವಷ್ಟು ನೇರವಾಗಿ ಹೋಯಿತು. ಸರಿಯಾದ ಜಾಗಕ್ಕೆ ಬಿತ್ತು. ಹುಡುಗಿಯ ಮುಖ, ಅಕ್ಕನ ಮುಖ, ಏಟು ತಿಂದ ಹಾಗೆ ಒಂದು ಕ್ಷಣ ತೆರೆದು ಮುಚ್ಚಿತು. ಅವಳು ಚಾಪೆಗಳನ್ನು ಸುತ್ತತೊಡಗಿದಳು.

ಮೌನದ ಮೇಷ್ಟ್ರು ಆಮೇಲೆ ಅಕ್ಕನ ಕಥೆಯನ್ನು ಎಲ್ಲೂ ಹೇಳಲಿಲ್ಲ. ಸ್ವಲ್ಪ ದಿನಕ್ಕೆ ತರಗತಿಯೇ ನಿಂತಿತು. ಸೊಂಟನೋವಿನಿಂದ ಎಂದು ಹೊರಗೆ ಮಾತು. ಕುರ್ಚಿಯನ್ನು ಯಾರೋ ಗಾಡಿಯವನು ಅಂಗಡಿಯ ಬಾಗಿಲಿಗೆ ತಂದು ಇಳಿಸಿ ಹೋದ. ಮೊಳೆಬಾಯಿ ಗೆದ್ದಳು ಎನ್ನಬೇಕು. ಪಶ್ಚಾತ್ತಾಪವೇ? ಇಲ್ಲ. ಕೇಳಿದವರಿಗೆ, ಇನ್ನೊಮ್ಮೆ ಅವಕಾಶ ಸಿಕ್ಕಿದರೆ ಇನ್ನೊಂದು ಗಂಟು ಸಡಿಲ ಬಿಡುತ್ತೇನೆ ಎನ್ನುತ್ತಾಳೆ. ಆದರೆ ಈಗ ಬೀದಿಯಿಂದ ಯಾರಾದರೂ ಅವಳ ಹೆಸರು ಹಿಡಿದು ಕರೆದರೆ, ಏಳುವ ಮೊದಲು ಅವಳ ಮಂಡಿ ಒಂದು ಚಣ ತಡೆಯುತ್ತದೆ. ಮೊದಲು ತಡೆಯುತ್ತಿರಲಿಲ್ಲ. ಅದಕ್ಕೆ ಅವಳು ಮಂಡಿಯನ್ನೇ ಬೈಯುತ್ತಾಳೆ.

ಒಮ್ಮೆ ಔಷಧಿ ಅಂಗಡಿಯ ಮುಂದೆ ಅಕ್ಕನ ಮಗಳನ್ನು ತಡೆದು ಕೇಳಿಯೂ ಬಿಟ್ಟಳು. "ಅವತ್ತು ನಿಮ್ಮಪ್ಪ ನನ್ನ ಯಾಕೆ ಕರೆದ್ರು?"

"ನಿನ್ನನ್ನ ಕರೆದದ್ದು ಚಿಕ್ಕಮ್ಮ," ಎಂದಳು ಹುಡುಗಿ, ಶಟರ್ ಎಳೆಯುತ್ತ. "ನನಗೆ ಹೇಗೆ ಗೊತ್ತಿರುತ್ತೆ?"

ಸೊಂಟ ಹಿಡಿದುಕೊಂಡು ಏಳಲಾಗದೆ ಕರೆದನೋ, ನಿನ್ನ ಕೆಲಸ ನನಗೆ ಗೊತ್ತಾಯಿತು ಎಂದು ಎಲ್ಲರೆದುರು ಹೇಳಲು ಕರೆದನೋ, ಅಕ್ಕನ ದನಿ ಕೇಳಿ ಹೆದರಿ ಕರೆದನೋ, ಅಥವಾ ಅಕ್ಕನಿಗೆ ಹೇಳಬೇಕಾದದ್ದನ್ನು ಅವಳ ತಂಗಿಗಾದರೂ ಹೇಳೋಣವೆಂದು ಕರೆದನೋ, ಹೇಳುತ್ತಿರುವ ನನಗೆ ಗೊತ್ತಿಲ್ಲ. ಊಹಿಸಿ ಬರೆಯಬಹುದಿತ್ತು, ಅದು ಸರಿಯಲ್ಲ ಅನ್ನಿಸಿತು. ಮೊಳೆಬಾಯಿಗೂ ಗೊತ್ತಿಲ್ಲ. ಅವಳು ಎದ್ದು ಹೋಗಲಿಲ್ಲ.